ಹಾಲಿನ ಗಾಡಿಯ ಎಕ್ಸಲೇಟರ್ ಕೇಬಲ್: ಎಣ್ಣೆ, ಆರೈಕೆ ಮತ್ತು ಹಳೆಯ ತಂತಿಯ ವಿಲೇವಾರಿ



ಪಶುವೈದ್ಯರ ಲೇಖನ ಎಂದರೆ ಕೆಚ್ಚಲು ಬಾವು, ಜಂತುನಾಶಕ, ಖನಿಜ ಮಿಶ್ರಣ, ಬೆದೆಯ ಲಕ್ಷಣ ಇಂಥ ವಿಷಯಗಳನ್ನು ನೀವು ನಿರೀಕ್ಷಿಸುತ್ತೀರಿ. ಈ ಸಲ ವಿಷಯ ಬೇರೆ. ನೀವು ಹಾಲಿನ ಕ್ಯಾನ್ ಕಟ್ಟಿಕೊಂಡು ಡೇರಿಗೆ ಹೋಗುವ ಗಾಡಿಯ ಎಕ್ಸಲೇಟರ್ ಕೇಬಲ್ ಬಗ್ಗೆ ಬರೆಯುತ್ತಿದ್ದೇನೆ. ಕೆಲವರು ಇದನ್ನು ರೇಸ್ ವೈರ್ ಎಂದೂ ಕರೆಯುತ್ತಾರೆ.

ದನದ ಡಾಕ್ಟರಿಗೂ ಬೈಕಿನ ತಂತಿಗೂ ಏನು ಸಂಬಂಧ ಎಂದು ನೀವು ಕೇಳಬಹುದು. ಎರಡು ಸಂಬಂಧಗಳಿವೆ. ಮೊದಲನೆಯದು, ಕರೆದ ಹಾಲು ಹೊತ್ತಿಗೆ ಸರಿಯಾಗಿ, ಹಾಲು ತಂದವರು ಸುರಕ್ಷಿತವಾಗಿ ಡೇರಿ ತಲುಪಬೇಕು. ಎರಡನೆಯದು, ಸವೆದು ಬಿಸಾಡಿದ ಕೇಬಲ್ಲಿನ ತಂತಿ ಕೊಟ್ಟಿಗೆಯಲ್ಲಿ ಬಿದ್ದರೆ ಅದು ಹಸುವಿನ ಹೊಟ್ಟೆ ಸೇರಿ ಹೃದಯಕ್ಕೆ ಚುಚ್ಚಬಹುದು. ಹೀಗಾಗಿ ಈ ಪಾಠದಲ್ಲಿ ಎರಡು ಭಾಗಗಳಿವೆ. ಕೇಬಲ್ ಗಾಡಿಯಲ್ಲಿ ಇರುವಷ್ಟು ದಿನ ಹೇಗೆ ನೋಡಿಕೊಳ್ಳಬೇಕು ಎಂಬುದು ಒಂದು. ಗಾಡಿಯಿಂದ ಬಿಚ್ಚಿದ ಮೇಲೆ ಅದನ್ನು ಏನು ಮಾಡಬೇಕು ಎಂಬುದು ಇನ್ನೊಂದು.

ಕೇಬಲ್ ಹೇಗೆ ಕೆಲಸ ಮಾಡುತ್ತದೆ?

ಎಕ್ಸಲೇಟರ್ ಕೇಬಲ್ಲಿನಲ್ಲಿ ಎರಡು ಭಾಗಗಳಿವೆ. ಹಲವು ಸಣ್ಣ ಉಕ್ಕಿನ ಎಳೆಗಳನ್ನು ಹುರಿ ಮಾಡಿದ ಒಳತಂತಿ ಒಂದು. ಅದು ಜಾರಾಡುವ ಹೊರಕೊಳವೆ ಇನ್ನೊಂದು. ಹೊರಕೊಳವೆಯೂ ಸುರುಳಿ ಸುತ್ತಿದ ಉಕ್ಕಿನದೇ, ಮೇಲೆ ಪ್ಲಾಸ್ಟಿಕ್ ಹೊದಿಕೆ ಇರುತ್ತದೆ. ಈಚಿನ ಹಲವು ಕೇಬಲ್‌ಗಳಲ್ಲಿ ಕೊಳವೆಯ ಒಳಗೆ ನೈಲಾನಿನಂತಹ ನುಣುಪಾದ ಒಳಪದರವೂ ಇರುತ್ತದೆ. ಇಂತಹ ಕೇಬಲ್ಲಿಗೆ ಇಂಗ್ಲಿಷಿನಲ್ಲಿ ಬೌಡನ್ ಕೇಬಲ್ ಎಂಬ ಹೆಸರಿದೆ. 1896ರಲ್ಲಿ ಇದಕ್ಕೆ ಪೇಟೆಂಟ್ ಪಡೆದ ಅರ್ನೆಸ್ಟ್ ಮಾನಿಂಗ್ಟನ್ ಬೌಡನ್ ಅವರ ಹೆಸರೇ ಅದಕ್ಕೆ ಉಳಿದಿದೆ. ನೂರಿಪ್ಪತ್ತು ವರ್ಷ ಕಳೆದರೂ ಸೈಕಲ್ಲಿನ ಬ್ರೇಕಿನಿಂದ ಹಿಡಿದು ನಮ್ಮ ಗಾಡಿಯ ಕ್ಲಚ್ಚಿನವರೆಗೆ ಇದೇ ಏರ್ಪಾಡು ನಡೆಯುತ್ತಿದೆ.

ದನ ಸಾಕುವವರಿಗೆ ಇದು ಹೊಸದಲ್ಲ. ಹಸುವಿನ ಕಾಲಿನಲ್ಲಿ ಮೇಲಿನ ಸ್ನಾಯುವಿನಿಂದ ಗೊರಸಿನ ಮೂಳೆಯವರೆಗೆ ಇಳಿಯುವ ನರದಂತಹ ಗಟ್ಟಿ ಹುರಿಯನ್ನು ನೀವು ಕೈಯಲ್ಲಿ ಮುಟ್ಟಿ ನೋಡಿರುತ್ತೀರಿ. ಗೆಣ್ಣುಗಳ ಬಳಿ ಆ ಹುರಿ ಒಂದು ಚೀಲದಂತಹ ಕವಚದೊಳಗೆ ಜಾರುತ್ತದೆ. ಕವಚದಲ್ಲಿ ಎಣ್ಣೆಯಂತಹ ದ್ರವ ಇರುತ್ತದೆ. ಕವಚಕ್ಕೆ ಕೀವು ತುಂಬಿದರೆ ಹಸು ಕುಂಟುತ್ತದೆ. ಕೇಬಲ್ಲಿನ ಕೊಳವೆಗೆ ಧೂಳು, ತುಕ್ಕು ಸೇರಿದರೆ ಗಾಡಿ ಕುಂಟುತ್ತದೆ.

ಆದರೆ ಒಂದು ವ್ಯತ್ಯಾಸವನ್ನು ಚೆನ್ನಾಗಿ ಗಮನಿಸಬೇಕು. ನೀವು ಎಕ್ಸಲೇಟರ್ ತಿರುಗಿಸಿದಾಗ ತಂತಿಯನ್ನು ಎಳೆಯುವುದು ನಿಮ್ಮ ಕೈ. ಬಿಟ್ಟಾಗ ಅದನ್ನು ವಾಪಸ್ ಎಳೆಯುವುದು ಎಂಜಿನ್ ಬಳಿ ಇರುವ ಒಂದು ಸಣ್ಣ ಸ್ಪ್ರಿಂಗ್. ಕೈಗೆ ಬಲ ಜಾಸ್ತಿ, ಸ್ಪ್ರಿಂಗಿಗೆ ಬಲ ಕಡಿಮೆ. ಹಾಗಾಗಿ ಕೇಬಲ್ ಬಿಗಿಯಾದಾಗ ರೇಸ್ ಕೊಡಲು ಬರುತ್ತದೆ, ಇಳಿಸಲು ಬರುವುದಿಲ್ಲ. ಗಾಡಿ ಹೋಗುತ್ತಿದೆಯಲ್ಲ ಎಂದು ನಾವು ಸುಮ್ಮನಿರುತ್ತೇವೆ. ಅಪಾಯ ಇರುವುದು ನಿಲ್ಲಿಸುವಾಗ.

ಎರಡೂ ಪಕ್ಕಕ್ಕೆ ಇಪ್ಪತ್ತು ಲೀಟರಿನ ಕ್ಯಾನ್ ಕಟ್ಟಿದರೆ ಹಾಲಿನ ಭಾರವೇ 41 ಕಿಲೋ ಆಗುತ್ತದೆ, ಕ್ಯಾನಿನ ತೂಕ ಬೇರೆ. ಅಷ್ಟು ಭಾರ ಹೊತ್ತ ಗಾಡಿ ತಿರುವಿನಲ್ಲಿ ರೇಸ್ ಇಳಿಯದೆ ಮುಂದಕ್ಕೆ ನುಗ್ಗಿದರೆ ಬ್ರೇಕ್ ಒಂದೇ ಸಾಕಾಗುವುದಿಲ್ಲ. ಆಷಾಢದಲ್ಲಿ ಮಾಲೇಕಲ್ಲು ತಿರುಪತಿಯ ತೇರಿನ ಸಮಯದಲ್ಲಿ ಬೆಟ್ಟದ ಬುಡದ ರಸ್ತೆಯ ತುಂಬ ಜನ, ಮಕ್ಕಳು, ಅಂಗಡಿಗಳು ಇರುತ್ತವೆ. ಆಗಲೂ ಹಸು ಕರೆಯಲೇಬೇಕು, ಹಾಲು ಡೇರಿಗೆ ಹೋಗಲೇಬೇಕು. ಅಂತಹ ದಾರಿಯಲ್ಲಿ ಬಿಟ್ಟ ತಕ್ಷಣ ರೇಸ್ ಇಳಿಯದ ಗಾಡಿಯನ್ನು ಓಡಿಸಬೇಡಿ.

ನಮ್ಮ ಕಡೆ ಕೇಬಲ್ ಯಾಕೆ ಬೇಗ ಕೆಡುತ್ತದೆ?

ಅರಸೀಕೆರೆ, ಬಾಣಾವರ, ಜಾವಗಲ್ ಕಡೆ ಮುಖ್ಯ ಶತ್ರು ಧೂಳು. ತೆಂಗಿನ ತೋಟದಿಂದ ಮಣ್ಣಿನ ದಾರಿಯಲ್ಲಿ ಬರುವಾಗ ನುಣ್ಣನೆಯ ಧೂಳು ಕೇಬಲ್ಲಿನ ಮೇಲ್ತುದಿಯಲ್ಲಿ ಒಳಗಿಳಿಯುತ್ತದೆ. ಅಲ್ಲಿ ಹಳೆಯ ಗ್ರೀಸ್ ಇದ್ದರೆ ಅದರೊಂದಿಗೆ ಸೇರಿ ಉಪ್ಪುಕಾಗದದಂತೆ ಎಳೆಗಳನ್ನು ಉಜ್ಜುತ್ತದೆ.

ಬೇಲೂರು ಕಡೆಗೆ ಹೋದಂತೆ ಮಳೆ ಹೆಚ್ಚು. ಅಲ್ಲಿ ಶತ್ರು ನೀರು. ಹ್ಯಾಂಡಲ್ ಬಳಿ ಒಳಗಿಳಿದ ಮಳೆನೀರು ಕೇಬಲ್ಲಿನ ತಗ್ಗು ಬಾಗಿನಲ್ಲಿ ನಿಂತು ತುಕ್ಕು ಹಿಡಿಸುತ್ತದೆ. ಹಳೇಬೀಡಿನ ಸುತ್ತಮುತ್ತ ಬೇಸಿಗೆಯಲ್ಲಿ ಧೂಳು, ಮಳೆಗಾಲದಲ್ಲಿ ನೀರು ಎರಡೂ ಉಂಟು.

ಇವುಗಳ ಜೊತೆಗೆ ನಾವೇ ಮಾಡುವ ಕೆಲವು ಕೆಲಸಗಳಿವೆ.

ಹ್ಯಾಂಡಲ್ಲಿಗೆ ಹಾಲಿನ ಕ್ಯಾನ್, ಪಶುಆಹಾರದ ಚೀಲ ತೂಗುಹಾಕುತ್ತೇವೆ. ಕ್ಯಾನಿನ ಹಿಡಿ ಕೇಬಲ್ಲನ್ನು ಒತ್ತಿ ಮಡಿಸುತ್ತದೆ. ಒಮ್ಮೆ ಮಡಿಕೆ ಬಿದ್ದ ಹೊರಕೊಳವೆ ಮತ್ತೆ ನೆಟ್ಟಗಾಗುವುದಿಲ್ಲ.

ಕ್ಯಾನ್ ಕಟ್ಟುವ ಹಗ್ಗ ಅಥವಾ ರಬ್ಬರ್ ಟ್ಯೂಬನ್ನು ಕೇಬಲ್ ಸೇರಿಸಿ ಬಿಗಿಯುತ್ತೇವೆ.

ರಾತ್ರಿ ಗಾಡಿಯನ್ನು ಕೊಟ್ಟಿಗೆಯಲ್ಲೇ ನಿಲ್ಲಿಸುತ್ತೇವೆ. ಗಂಜಲದ ತೇವ ಲೋಹಕ್ಕೆ ಒಳ್ಳೆಯದಲ್ಲ. ಕರು ಹ್ಯಾಂಡಲ್ ನೆಕ್ಕುತ್ತದೆ, ಇಲಿ ಪ್ಲಾಸ್ಟಿಕ್ ಹೊದಿಕೆ ಕಡಿಯುತ್ತದೆ.

ಗಾಡಿ ತೊಳೆಯುವಾಗ ಪೈಪಿನ ನೀರನ್ನು ನೇರವಾಗಿ ಹ್ಯಾಂಡಲ್ಲಿನ ಸ್ವಿಚ್ ಬಳಿ ಬಿಡುತ್ತೇವೆ. ಕೇಬಲ್ಲಿನ ಬಾಯಿ ಇರುವುದು ಅಲ್ಲೇ.

ತಿಂಗಳಿಗೊಮ್ಮೆ ಐದು ನಿಮಿಷದ ಪರೀಕ್ಷೆ

ಹಸುವಿಗೆ ಕಾಯಿಲೆ ಬಂದ ಮೇಲೆ ಔಷಧಿ ಕೊಡುವುದಕ್ಕಿಂತ ಮೊದಲೇ ಲಕ್ಷಣ ಗುರುತಿಸುವುದು ಲೇಸು. ಗಾಡಿಗೂ ಹಾಗೆಯೇ. ಹಾಲಿನ ಬಟವಾಡೆ ಬರುವ ದಿನ ಅಥವಾ ಅಮಾವಾಸ್ಯೆ ಪೂಜೆಗೆ ಗಾಡಿ ತೊಳೆಯುವ ದಿನ, ಹೀಗೆ ಯಾವುದಾದರೂ ಒಂದು ದಿನವನ್ನು ಗುರುತು ಮಾಡಿಕೊಳ್ಳಿ.

1. ಎಂಜಿನ್ ಆಫ್ ಇರಲಿ. ಎಕ್ಸಲೇಟರನ್ನು ಪೂರ್ತಿ ತಿರುಗಿಸಿ ಕೈ ಬಿಡಿ. ಅದು ಟಪ್ಪೆಂದು ತಾನೇ ವಾಪಸ್ ಬರಬೇಕು. ನಿಧಾನಕ್ಕೆ ಬಂದರೆ ಅಥವಾ ನಡುವೆ ನಿಂತರೆ ತೊಂದರೆ ಇದೆ ಎಂದರ್ಥ.

2. ಇದನ್ನೇ ಹ್ಯಾಂಡಲ್ ನೇರವಾಗಿದ್ದಾಗ, ಪೂರ್ತಿ ಎಡಕ್ಕೆ ತಿರುಗಿಸಿದಾಗ, ಪೂರ್ತಿ ಬಲಕ್ಕೆ ತಿರುಗಿಸಿದಾಗ ಮೂರು ಸಲ ಮಾಡಿ.

3. ಎಕ್ಸಲೇಟರ್ ಹಿಡಿಯಲ್ಲಿ ಸ್ವಲ್ಪ ಸಡಿಲು ಇರಬೇಕು. ಅಂದರೆ ತಂತಿ ಬಿಗಿಯಾಗುವ ಮುಂಚೆ ಹಿಡಿ ಸ್ವಲ್ಪ ಖಾಲಿ ತಿರುಗಬೇಕು. ಸಾಮಾನ್ಯವಾಗಿ ಸಣ್ಣ ಗಾಡಿಗಳಲ್ಲಿ ಇದು ಹಿಡಿಯ ಅಂಚಿನಲ್ಲಿ 2ರಿಂದ 6 ಮಿಲಿಮೀಟರ್ ಇರುತ್ತದೆ. ನಿಮ್ಮ ಗಾಡಿಯ ಜೊತೆ ಕೊಟ್ಟ ಪುಸ್ತಕದಲ್ಲಿ ಬೇರೆ ಅಳತೆ ಇದ್ದರೆ ಅದನ್ನೇ ಅನುಸರಿಸಿ.

4. ಗಾಡಿಯನ್ನು ಬಯಲಿನಲ್ಲಿ ನಡುವಿನ ಸ್ಟ್ಯಾಂಡ್ ಹಾಕಿ ನಿಲ್ಲಿಸಿ. ಮಕ್ಕಳು, ಕರುಗಳು ಹಿಂದಿನ ಚಕ್ರದ ಬಳಿ ಬರದಂತೆ ನೋಡಿಕೊಳ್ಳಿ. ಎಂಜಿನ್ ಸ್ಟಾರ್ಟ್ ಮಾಡಿ, ರೇಸ್ ಕೊಡದೆ ಹ್ಯಾಂಡಲ್ಲನ್ನು ಎಡಕ್ಕೂ ಬಲಕ್ಕೂ ಪೂರ್ತಿ ತಿರುಗಿಸಿ. ಎಂಜಿನ್ ಸದ್ದು ಏರಬಾರದು. ಏರಿದರೆ ಕೇಬಲ್ ಬಿಗಿ ಆಗಿದೆ ಅಥವಾ ಎಲ್ಲೋ ಸಿಕ್ಕಿಕೊಂಡಿದೆ.

5. ಕೇಬಲ್ಲಿನ ಉದ್ದಕ್ಕೂ ಬೆರಳಾಡಿಸಿ. ಹೊದಿಕೆ ಹರಿದಿದೆಯೇ, ಮಡಿಕೆ ಬಿದ್ದಿದೆಯೇ, ಬಿಸಿ ಸೈಲೆನ್ಸರಿಗೆ ತಾಗಿ ಕರಗಿದೆಯೇ ನೋಡಿ.

6. ಎರಡೂ ತುದಿಗಳಲ್ಲಿ ತಂತಿಗೆ ಬೆಸೆದ ಸಣ್ಣ ಗುಂಡು ಇರುತ್ತದೆ. ಅದರ ಬಳಿ ಒಂದೇ ಒಂದು ಎಳೆ ಕಿತ್ತು ಎದ್ದಿದ್ದರೂ ಆ ಕೇಬಲ್ಲಿಗೆ ಎಣ್ಣೆ ಹಾಕಿ ಪ್ರಯೋಜನವಿಲ್ಲ. ಬದಲಿಸಲೇಬೇಕು. ಉಳಿದ ಎಳೆಗಳ ಮೇಲೆ ಭಾರ ಹೆಚ್ಚಿ ಅವೂ ಒಂದೊಂದಾಗಿ ಕೀಳುತ್ತವೆ.

ಎಲ್ಲ ತೊಂದರೆಯೂ ಕೇಬಲ್ಲಿನದೇ ಆಗಿರುವುದಿಲ್ಲ. ಗಾಡಿ ಬಿದ್ದು ಹ್ಯಾಂಡಲ್ ಬಾಗಿದ್ದರೆ, ಹಿಡಿಯ ರಬ್ಬರ್ ಒಳಕ್ಕೆ ಸರಿದು ಸ್ವಿಚ್ ಪೆಟ್ಟಿಗೆಗೆ ಉಜ್ಜುತ್ತಿದ್ದರೆ, ಹಿಡಿಯ ಒಳಗೆ ಮಣ್ಣು ಕೂತಿದ್ದರೆ ಆಗಲೂ ರೇಸ್ ಸಿಕ್ಕಿಕೊಳ್ಳುತ್ತದೆ. ಮೊದಲು ಇದನ್ನು ನೋಡಿ.

ಯಾವ ಎಣ್ಣೆ? ಯಾವುದು ಬೇಡ?

ಹೆಚ್ಚಿನವರು ತಪ್ಪುವುದು ಇಲ್ಲಿ. ಮನೆಯಲ್ಲಿ ಯಾವ ಎಣ್ಣೆ ಕೈಗೆ ಸಿಕ್ಕಿತೋ ಅದನ್ನು ಹಾಕುವುದು ರೂಢಿ.

ಕೊಬ್ಬರಿ ಎಣ್ಣೆ ಬೇಡ. ಅರಸೀಕೆರೆ ಸೀಮೆಯಲ್ಲಿ ಕೊಬ್ಬರಿ ಎಣ್ಣೆ ಇಲ್ಲದ ಮನೆ ಇಲ್ಲ, ಬೀಗಕ್ಕೂ ಅದೇ, ಬಾಗಿಲ ಕೀಲಿಗೂ ಅದೇ. ಆದರೆ ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಗಟ್ಟಿಯಾಗುತ್ತದೆ. ಚಳಿಗಾಲದಲ್ಲಿ ಬಾಟಲಿಯಲ್ಲಿ ಹೆಪ್ಪುಗಟ್ಟುವುದನ್ನು ನೀವೇ ನೋಡಿದ್ದೀರಿ. ಕೇಬಲ್ಲಿನೊಳಗೂ ಅದೇ ಆಗುತ್ತದೆ. ಮಧ್ಯಾಹ್ನ ಎಣ್ಣೆ ಹಾಕಿದಾಗ ಚೆನ್ನಾಗಿ ಆಡಿದ ಎಕ್ಸಲೇಟರ್, ಮಾರ್ಗಶಿರದ ಮುಂಜಾನೆ ಹಾಲು ಕಟ್ಟಿಕೊಂಡು ಹೊರಟಾಗ ಹಿಡಿದುಕೊಳ್ಳುತ್ತದೆ.

ಹರಳೆಣ್ಣೆ, ಕಡಲೆಕಾಯಿ ಎಣ್ಣೆಯಂತಹ ಅಡುಗೆಮನೆಯ ಎಣ್ಣೆಗಳೂ ಬೇಡ. ಗಾಳಿಗೆ ಅಂಟಾಗಿ ಧೂಳನ್ನು ಹಿಡಿಯುತ್ತವೆ.

ಎಂಜಿನ್ನಿನಿಂದ ಇಳಿಸಿದ ಕಪ್ಪು ಆಯಿಲ್ ಬೇಡ. ಅದರಲ್ಲಿ ಮಸಿ, ಲೋಹದ ಪುಡಿ ಇರುತ್ತದೆ.

ಸೀಮೆಎಣ್ಣೆ, ಪೆಟ್ರೋಲ್ ಕೊಳೆ ತೆಗೆಯುತ್ತವೆ, ಆದರೆ ಆರಿಹೋಗುತ್ತವೆ. ಇದ್ದ ಜಿಡ್ಡನ್ನೂ ತೊಳೆದು ಕೇಬಲ್ಲನ್ನು ಮೊದಲಿಗಿಂತ ಒಣಗಿಸುತ್ತವೆ. ಡಬ್ಬಿಯಲ್ಲಿ ಬರುವ ತುಕ್ಕು ಬಿಡಿಸುವ ಸ್ಪ್ರೇ ಕೂಡ ನೀರನ್ನು ಹೊರಹಾಕಲು ಒಳ್ಳೆಯದು, ಆದರೆ ಬಹಳ ದಿನ ನಿಲ್ಲುವ ಜಾರೆಣ್ಣೆಯಲ್ಲ.

ಗಟ್ಟಿ ಗ್ರೀಸ್ ಕೊಳವೆಯೊಳಗೆ ಇಳಿಯುವುದೇ ಇಲ್ಲ, ಬಾಯಲ್ಲೇ ಕೂತು ಧೂಳು ಹಿಡಿಯುತ್ತದೆ. ತುದಿಯ ಗುಂಡು ಕೂರುವ ಜಾಗಕ್ಕೆ ಮಾತ್ರ ಚಿಟಿಕೆಯಷ್ಟು ಗ್ರೀಸ್ ಸಾಕು.

ಹಾಗಾದರೆ ಯಾವುದು ಬೇಕು? ಹೊಲಿಗೆ ಯಂತ್ರಕ್ಕೆ ಹಾಕುವ ತೆಳು ಎಣ್ಣೆ ಅಥವಾ ಅಂಗಡಿಯಲ್ಲಿ ಕೇಬಲ್ಲಿಗೆಂದೇ ಮಾರುವ ಎಣ್ಣೆ. ಸಣ್ಣ ಸೀಸೆ ಒಂದಿದ್ದರೆ ವರ್ಷಗಟ್ಟಲೆ ಬರುತ್ತದೆ.

ಒಂದು ಎಚ್ಚರಿಕೆ. ಒಳಪದರ ಇರುವ ಕೆಲವು ಕೇಬಲ್‌ಗಳಿಗೆ ಎಣ್ಣೆ ಹಾಕಬಾರದು ಎಂದು ತಯಾರಕರೇ ಹೇಳುತ್ತಾರೆ. ಗಾಡಿಯ ಪುಸ್ತಕ ನೋಡಿ ಅಥವಾ ಬಿಡಿಭಾಗದ ಅಂಗಡಿಯವರನ್ನು ಕೇಳಿ. ಅಂತಹ ಕೇಬಲ್ ಬಿಗಿಯಾದರೆ ಬದಲಿಸುವುದೇ ದಾರಿ. ದುಬಾರಿಯ ಕೆಲವು ಹೊಸ ಬೈಕ್‌ಗಳಲ್ಲಿ ಎಕ್ಸಲೇಟರ್ ಕೇಬಲ್ಲೇ ಇರುವುದಿಲ್ಲ, ವಿದ್ಯುತ್ ಸಂಕೇತದಿಂದ ಕೆಲಸ ನಡೆಯುತ್ತದೆ. ಅವನ್ನು ಬಿಚ್ಚಲು ಹೋಗಬೇಡಿ.

ಎಣ್ಣೆ ಹಾಕುವ ಕ್ರಮ

ಬೆಳಗಿನ ಹಾಲು ಡೇರಿಗೆ ಹಾಕಿ ಬಂದ ಮೇಲೆ, ಎಂಜಿನ್ ತಣ್ಣಗಿರುವಾಗ ಈ ಕೆಲಸ ಮಾಡಿ. ಬೇಕಾಗುವುದು ಸ್ಕ್ರೂಡ್ರೈವರ್, ಗಾಡಿಯ ಜೊತೆ ಬಂದ ಸ್ಪ್ಯಾನರ್, ಹಳೆಯ ಬಟ್ಟೆ, ತೆಳು ಎಣ್ಣೆ, ಸೂಜಿ ಇಲ್ಲದ ಹಳೆಯ ಸಿರಿಂಜ್. ಬಿಚ್ಚುವ ಮೊದಲು ಕೇಬಲ್ ಯಾವ ದಾರಿಯಲ್ಲಿ ಹೋಗಿದೆ ಎಂದು ಮೊಬೈಲಿನಲ್ಲಿ ಒಂದು ಫೋಟೊ ತೆಗೆದುಕೊಳ್ಳಿ.

1. ಕೇಬಲ್ಲಿನ ಅಡ್ಜಸ್ಟರ್ ಸಡಿಲ ಮಾಡಿ. ಬಲಗೈ ಹಿಡಿಯ ಪಕ್ಕದ ಸ್ವಿಚ್ ಪೆಟ್ಟಿಗೆಯ ಸ್ಕ್ರೂ ಬಿಚ್ಚಿ ಎರಡು ಹೋಳು ಮಾಡಿ. ಒಳಗೆ ತಂತಿಯ ಗುಂಡು ಒಂದು ಗಾಡಿಯಲ್ಲಿ ಕೂತಿರುತ್ತದೆ. ಅದನ್ನು ಪಕ್ಕಕ್ಕೆ ಸರಿಸಿ ಬಿಡಿಸಿ.

2. ಹಿಡಿಯನ್ನು ಹ್ಯಾಂಡಲ್ಲಿನಿಂದ ಎಳೆದು ಹೊರತೆಗೆಯಿರಿ. ಹ್ಯಾಂಡಲ್ಲಿನ ಮೇಲಿನ ಮಣ್ಣು, ತುಕ್ಕು, ಹಳೆಯ ಗ್ರೀಸನ್ನು ಒಣಬಟ್ಟೆಯಲ್ಲಿ ಒರೆಸಿ.

3. ಕೆಳತುದಿಯನ್ನು ಗಮನಿಸಿ. 2020ರ ಏಪ್ರಿಲ್ 1ರಿಂದ ಬಂದ ಬಿಎಸ್-6 ನಿಯಮದ ನಂತರ ಹೊಸ ಗಾಡಿಗಳಲ್ಲಿ ಸಾಮಾನ್ಯವಾಗಿ ಕಾರ್ಬೊರೇಟರ್ ಬದಲು ಫ್ಯೂಯಲ್ ಇಂಜೆಕ್ಷನ್ ಇದೆ. ಅವುಗಳಲ್ಲಿ ಕೇಬಲ್ಲಿನ ಕೆಳತುದಿ ಒಂದು ಸಣ್ಣ ರಾಟೆಗೆ ಹೊರಗಡೆಯೇ ಕಾಣುತ್ತದೆ. ಅದರ ಕೆಳಗೆ ಬಟ್ಟೆ ಇಡಿ. ಅಕ್ಕಪಕ್ಕದ ವೈರಿಂಗ್ ಕನೆಕ್ಟರ್ ಮೇಲೆ ಎಣ್ಣೆ ಬೀಳಬಾರದು. ಹಳೆಯ ಕಾರ್ಬೊರೇಟರ್ ಗಾಡಿಗಳಲ್ಲಿ ಕೆಳತುದಿ ಕಾರ್ಬೊರೇಟರಿನ ಒಳಗೆ ಇರುತ್ತದೆ. ಕೊಳೆತ ಎಣ್ಣೆ ಅದರೊಳಗೆ ಇಳಿಯಬಾರದು. ಆದ್ದರಿಂದ ಮೊದಲ ಸಲ ಮಾಡುವಾಗ ಕೆಳತುದಿಯನ್ನು ಮೆಕ್ಯಾನಿಕ್ ಕೈಯಲ್ಲಿ ಬಿಚ್ಚಿಸಿ, ಪಕ್ಕದಲ್ಲಿ ನಿಂತು ನೋಡಿ ಕಲಿಯಿರಿ.

4. ಕೇಬಲ್ಲಿನ ಮೇಲ್ತುದಿಯನ್ನು ಮೇಲಕ್ಕೆ ನಿಲ್ಲಿಸಿ. ದಪ್ಪ ಪ್ಲಾಸ್ಟಿಕ್ ಕವರನ್ನು ಕಡಲೆಕಾಯಿ ಪೊಟ್ಟಣದಂತೆ ಸುತ್ತಿ, ಕೊಳವೆಯ ಬಾಯಿಗೆ ಟೇಪಿನಲ್ಲಿ ಬಿಗಿಯಾಗಿ ಕಟ್ಟಿ. ಅದರೊಳಗೆ ಸಿರಿಂಜಿನಿಂದ ಹತ್ತು ಹದಿನೈದು ಹನಿ ಎಣ್ಣೆ ಬಿಡಿ. ಒಳತಂತಿಯನ್ನು ನಿಧಾನಕ್ಕೆ ಮೇಲೆ ಕೆಳಗೆ ಆಡಿಸುತ್ತಿರಿ. ಎಣ್ಣೆ ತಾನಾಗಿ ಇಳಿಯುತ್ತದೆ, ಅವಸರ ಬೇಡ.

5. ಕೆಳತುದಿಯಲ್ಲಿ ಮೊದಲು ಬರುವುದು ಕಪ್ಪು ಅಥವಾ ಕೆಂಪು ಕೊಳೆ. ತಿಳಿಯಾದ ಎಣ್ಣೆ ಬರುವವರೆಗೆ ಹನಿ ಹನಿಯಾಗಿ ಬಿಡಿ. ಎಷ್ಟು ಬಿಟ್ಟರೂ ತುಕ್ಕಿನ ಪುಡಿಯೇ ಬರುತ್ತಿದ್ದರೆ, ತಂತಿ ಅಲ್ಲಲ್ಲಿ ಹಿಡಿಯುತ್ತಿದ್ದರೆ ಕೇಬಲ್ ಬದಲಿಸಿ.

6. ಹೆಚ್ಚಿನ ಎಣ್ಣೆಯನ್ನು ಒರೆಸಿ. ಗುಂಡಿಗೆ ಚಿಟಿಕೆ ಗ್ರೀಸ್ ಹಚ್ಚಿ ಗಾಡಿಯಲ್ಲಿ ಕೂರಿಸಿ. ಹ್ಯಾಂಡಲ್ ಮೇಲೆ ತೆಳುವಾಗಿ ಗ್ರೀಸ್ ಸವರಿ ಹಿಡಿ ಹಾಕಿ. ಹಿಡಿಯ ರಬ್ಬರಿನ ಹೊರಗೆ ಜಿಡ್ಡು ಇರಬಾರದು, ಕೈ ಜಾರುತ್ತದೆ.

7. ಫೋಟೊ ನೋಡಿ ಕೇಬಲ್ಲನ್ನು ಮೊದಲಿದ್ದ ದಾರಿಯಲ್ಲೇ ಕೂರಿಸಿ. ಸಡಿಲು ಸರಿಮಾಡಿ, ಅಡ್ಜಸ್ಟರಿನ ಚೆಕ್‌ನಟ್ ಬಿಗಿ ಮಾಡಿ. ರಬ್ಬರ್ ಟೊಪ್ಪಿಗೆ ಇದ್ದರೆ ಮರೆಯದೆ ಎಳೆದು ಮುಚ್ಚಿ. ಧೂಳು, ನೀರು ತಡೆಯುವುದು ಅದೇ.

8. ಮೇಲೆ ಹೇಳಿದ ಮಾಸಿಕ ಪರೀಕ್ಷೆಯನ್ನು ಪೂರ್ತಿ ಮಾಡಿದ ಮೇಲೆಯೇ ಗಾಡಿ ರಸ್ತೆಗೆ ಇಳಿಸಿ.

ಎಷ್ಟು ದಿನಕ್ಕೊಮ್ಮೆ? ಧೂಳಿನ ದಾರಿಯಲ್ಲಿ ದಿನಕ್ಕೆ ಎರಡು ಹೊತ್ತು ಓಡುವ ಹಾಲಿನ ಗಾಡಿಗೆ ಮೂರು ತಿಂಗಳಿಗೊಮ್ಮೆ ಹಾಕಿ. ಮಳೆ ಹೆಚ್ಚಿರುವ ಕಡೆ ಮುಂಗಾರಿನ ಮೊದಲು ಒಮ್ಮೆ, ಮಳೆ ಮುಗಿದ ಮೇಲೆ ಒಮ್ಮೆ ತಪ್ಪಿಸಬೇಡಿ. ಕ್ಲಚ್ ಕೇಬಲ್ಲಿಗೂ ಅದೇ ದಿನ ಇದೇ ರೀತಿ ಹಾಕಿಬಿಡಿ.

ದಾರಿಯಲ್ಲಿ ರೇಸ್ ಸಿಕ್ಕಿಕೊಂಡರೆ?

ಗೇರ್ ಇರುವ ಬೈಕಾದರೆ ತಕ್ಷಣ ಕ್ಲಚ್ ಹಿಡಿಯಿರಿ. ಎಂಜಿನ್ ಕಿರುಚಿದರೂ ಗಾಡಿ ನುಗ್ಗುವುದಿಲ್ಲ. ಆಮೇಲೆ ಎಂಜಿನ್ ಸ್ವಿಚ್ ಆಫ್ ಮಾಡಿ, ಎರಡೂ ಬ್ರೇಕನ್ನು ಹದವಾಗಿ ಹಿಡಿದು ಎಡಕ್ಕೆ ನಿಲ್ಲಿಸಿ.

ನಮ್ಮಲ್ಲಿ ಹಾಲಿಗೆ ಹೆಚ್ಚು ಬಳಸುವ ಟಿವಿಎಸ್ ಎಕ್ಸ್‌ಎಲ್‌ನಂತಹ ಗೇರಿಲ್ಲದ ಗಾಡಿಗಳಲ್ಲಿ ಕೈಯಲ್ಲಿ ಹಿಡಿಯುವ ಕ್ಲಚ್ ಇಲ್ಲ. ಅಲ್ಲಿ ಇರುವ ದಾರಿ ಒಂದೇ, ಮೊದಲು ಎಂಜಿನ್ ಆಫ್. ಸ್ವಿಚ್ ಇದ್ದರೆ ಸ್ವಿಚ್, ಇಲ್ಲದಿದ್ದರೆ ಕೀ. ಕೀಯನ್ನು ಆಫ್‌ವರೆಗೆ ಮಾತ್ರ ತಿರುಗಿಸಿ, ಹ್ಯಾಂಡಲ್ ಲಾಕ್ ಆಗುವ ಕಡೆಗೆ ಹೋಗಬಾರದು. ಆಮೇಲೆ ಬ್ರೇಕ್. ಹಾಲು ಚೆಲ್ಲಿದರೂ ಚಿಂತೆಯಿಲ್ಲ, ಕ್ಯಾನ್ ಹಿಡಿಯಲು ಕೈ ಬಿಡಬೇಡಿ. ಗಾಡಿ ಓಡಿಸುವ ಮನೆಯ ಎಲ್ಲರಿಗೂ, ಮುಖ್ಯವಾಗಿ ಸಂಜೆ ಹಾಲು ಹಾಕಲು ಹೋಗುವ ಹೆಣ್ಣುಮಕ್ಕಳಿಗೆ, ವಯಸ್ಸಾದವರಿಗೆ, ಈ ಸ್ವಿಚ್ ಎಲ್ಲಿದೆ ಎಂದು ನಿಂತ ಗಾಡಿಯಲ್ಲಿ ನಾಲ್ಕು ಸಲ ಅಭ್ಯಾಸ ಮಾಡಿಸಿ.

ಕೇಬಲ್ ತುಂಡಾದರೆ ಸಾಮಾನ್ಯವಾಗಿ ರೇಸ್ ಇಳಿದು ಗಾಡಿ ನಿಧಾನವಾಗುತ್ತದೆ. ಆಗ ಕೆಲವರು ಎಂಜಿನ್ ಬಳಿ ತಂತಿಯನ್ನು ಕೈಯಲ್ಲೇ ಎಳೆಯುತ್ತಾ ಒಂದೇ ಕೈಯಲ್ಲಿ ಗಾಡಿ ಓಡಿಸುತ್ತಾರೆ. ದಯವಿಟ್ಟು ಇದನ್ನು ಮಾಡಬೇಡಿ. ಹಿಂದೆ ಬರುವ ಇನ್ನೊಬ್ಬ ಉತ್ಪಾದಕರ ಗಾಡಿಯಲ್ಲಿ ಹಾಲು ಕಳಿಸಿ. ಹಸುವಿನ ಕೆಚ್ಚಲಿನಿಂದ ಸುಮಾರು 38 ಡಿಗ್ರಿ ಬಿಸಿಯಲ್ಲಿ ಬಂದ ಹಾಲಿನಲ್ಲಿ ರೋಗಾಣುಗಳು ಇಪ್ಪತ್ತು ಮೂವತ್ತು ನಿಮಿಷಕ್ಕೊಮ್ಮೆ ಎರಡರಷ್ಟಾಗಬಲ್ಲವು. ಶೈತ್ಯ ಘಟಕದಲ್ಲಿ 4 ಡಿಗ್ರಿಗೆ ಇಳಿದ ಮೇಲೆಯೇ ಅವುಗಳ ಓಟ ತಗ್ಗುವುದು. ದಾರಿಯಲ್ಲಿ ಕಳೆದ ಒಂದೊಂದು ಗಂಟೆಯೂ ನಿಮ್ಮ ಹಾಲಿನ ಗುಣಮಟ್ಟದಿಂದಲೇ ಕಳೆಯುತ್ತದೆ. ಆದ್ದರಿಂದ ಒಂದು ಹೊಸ ಕೇಬಲ್ಲನ್ನು ಮನೆಯಲ್ಲಿ ಇಟ್ಟುಕೊಂಡಿರುವುದು ಜಾಣತನ. ಅದರ ಬೆಲೆ ಕೆಲವು ಲೀಟರ್ ಹಾಲಿನ ಬೆಲೆಯಷ್ಟೇ.

ಗಾಡಿ ಕೆಲಸ ಬೇರೆ, ಹಾಲಿನ ಕೆಲಸ ಬೇರೆ

ಹಾಲು ಸುತ್ತಲಿನ ವಾಸನೆಯನ್ನು ಬೇಗ ಹೀರಿಕೊಳ್ಳುತ್ತದೆ. ಗಾಡಿ ಮುಟ್ಟಿದ ಕೈಯನ್ನು ಸೋಪಿನಲ್ಲಿ ತೊಳೆಯದೆ ಕೆಚ್ಚಲು ಮುಟ್ಟಬೇಡಿ. ಹಾಲಿನ ಲಾಳಿಕೆಯಲ್ಲಿ ಎಣ್ಣೆ, ಪೆಟ್ರೋಲ್ ಸುರಿಯಬೇಡಿ. ಹಾಲು ಸೋಸುವ ಬಟ್ಟೆಯಲ್ಲಿ ಕೈ ಒರೆಸಬೇಡಿ. ಎಣ್ಣೆಗೆ ಬಳಸಿದ ಸಿರಿಂಜನ್ನು ಮತ್ತೆ ಯಾವ ಕಾರಣಕ್ಕೂ ಹಸುವಿಗೆ ಬಳಸಬೇಡಿ, ಗುರುತಿಗೆ ಅದಕ್ಕೆ ಕೆಂಪು ದಾರ ಕಟ್ಟಿಡಿ. ಸೂಜಿಗಳನ್ನು ಮನೆಯಲ್ಲಿ ಇಟ್ಟುಕೊಳ್ಳದೆ ಪಶು ಆಸ್ಪತ್ರೆಗೆ ವಾಪಸ್ ಕೊಡಿ.

ಹಳೆಯ ಕೇಬಲ್ ಮತ್ತು ಹಸುವಿನ ಹೃದಯ

ಈಗ ನನ್ನ ಕಸುಬಿನ ಮಾತಿಗೆ ಬರುತ್ತೇನೆ. ಬಿಚ್ಚಿದ ಹಳೆಯ ಕೇಬಲ್ಲನ್ನು ನಾವು ಬಿಸಾಡುವುದಿಲ್ಲ. ಗಟ್ಟಿ ತಂತಿ, ಉಪಯೋಗಕ್ಕೆ ಬರುತ್ತದೆ ಎಂದು ಕೊಟ್ಟಿಗೆಯ ಗಳುವಿಗೆ ಸಿಕ್ಕಿಸುತ್ತೇವೆ. ಅದರಲ್ಲಿ ಕೊಟ್ಟಿಗೆಯ ಗೇಟು ಕಟ್ಟುತ್ತೇವೆ, ಗೊಂತಿನ ಪಟ್ಟಿ ಬಿಗಿಯುತ್ತೇವೆ, ಹಸಿ ಮೇವಿನ ಹೊರೆಯನ್ನೂ ಕಟ್ಟುತ್ತೇವೆ. ತಿಂಗಳು ಕಳೆದಂತೆ ಹುರಿ ಬಿಚ್ಚಿ ಎಳೆಗಳು ತುಂಡಾಗಿ ಮೇವಿನಲ್ಲಿ ಬೀಳುತ್ತವೆ. ಹೊರೆಯ ಜೊತೆ ತಂತಿ ಮೇವು ಕತ್ತರಿಸುವ ಯಂತ್ರಕ್ಕೆ ಹೋದರಂತೂ ಅದು ಬೆರಳುದ್ದದ ಹತ್ತಾರು ಸೂಜಿಗಳಾಗಿ ಮೇವಿನೊಂದಿಗೆ ಬೆರೆಯುತ್ತದೆ.

ಹಸು ಮೇವನ್ನು ಆರಿಸಿ ತಿನ್ನುವುದಿಲ್ಲ. ನಾಲಿಗೆಯಲ್ಲಿ ಸುತ್ತಿ ಎಳೆದು, ಅರೆಬರೆ ಜಗಿದು ನುಂಗುತ್ತದೆ. ಭಾರವಾದ ಲೋಹ ಎರಡನೆಯ ಹೊಟ್ಟೆಯಾದ ಜಾಲರಿ ಹೊಟ್ಟೆಯಲ್ಲಿ ನಿಲ್ಲುತ್ತದೆ. ಈ ಹೊಟ್ಟೆ ಹೆಚ್ಚುಕಡಿಮೆ ನಿಮಿಷಕ್ಕೊಮ್ಮೆ ಬಲವಾಗಿ ಮುದುಡುತ್ತದೆ. ಪ್ರತಿ ಸಲ ಮುದುಡಿದಾಗಲೂ ಚೂಪಾದ ತಂತಿ ಇನ್ನಷ್ಟು ಒತ್ತುತ್ತದೆ. ಮುಂದೆ ಇರುವುದು ವಪೆ. ವಪೆಯ ಆಚೆ ಕೆಲವೇ ಸೆಂಟಿಮೀಟರ್ ದೂರದಲ್ಲಿ ಹೃದಯ. ಗಬ್ಬದ ಕೊನೆಯ ತಿಂಗಳುಗಳಲ್ಲಿ ಹೊಟ್ಟೆಯ ಒತ್ತಡ ಹೆಚ್ಚಿರುವುದರಿಂದ, ಕರು ಹಾಕುವಾಗ ಮುಕ್ಕುವುದರಿಂದ ತಂತಿ ಚುಚ್ಚುವ ಅಪಾಯ ಇನ್ನೂ ಜಾಸ್ತಿ.

ಲಕ್ಷಣಗಳನ್ನು ನೆನಪಿಡಿ. ಹಾಲು ಒಮ್ಮೆಲೇ ಇಳಿಯುತ್ತದೆ. ಮೇವು ಬಿಡುತ್ತದೆ, ಮೆಲುಕು ನಿಲ್ಲುತ್ತದೆ. ಬೆನ್ನು ಬಿಲ್ಲಿನಂತೆ ಬಾಗಿಸಿ, ಮುಂಗಾಲಿನ ಮೊಣಕೈ ಹೊರಚಾಚಿ ನಿಲ್ಲುತ್ತದೆ. ಇಳಿಜಾರಿನಲ್ಲಿ ಇಳಿಯಲು ಹಿಂಜರಿಯುತ್ತದೆ. ಸಗಣಿ ಹಾಕುವಾಗ, ಮಲಗಿ ಏಳುವಾಗ ನರಳುತ್ತದೆ. ಹೃದಯದ ಚೀಲಕ್ಕೆ ಸೋಂಕು ತಗುಲಿದ ಮೇಲೆ ಕತ್ತಿನ ರಕ್ತನಾಳ ಹಗ್ಗದಂತೆ ಉಬ್ಬುತ್ತದೆ, ಗಂಗೆದೊಗಲಿನಲ್ಲಿ ಮತ್ತು ಎದೆಯ ಮುಂದೆ ನೀರು ತುಂಬುತ್ತದೆ. ಆ ಹಂತದಲ್ಲಿ ಹಸು ಉಳಿಯುವುದು ಬಹಳ ಕಷ್ಟ.

ಮೊದಲ ಹಂತದಲ್ಲೇ ಕರೆದರೆ ದಾರಿ ಇದೆ. ಬಾಯಿಯ ಮೂಲಕ ಅಯಸ್ಕಾಂತ ನುಂಗಿಸಿ ತಂತಿಯನ್ನು ಹಿಡಿದಿಡಬಹುದು. ಅದು ಜಾಲರಿ ಹೊಟ್ಟೆಯಲ್ಲೇ ಉಳಿಯುತ್ತದೆ. ತಂತಿ ನಾಟಿದ್ದರೆ ಹೊಟ್ಟೆ ತೆರೆದು ತೆಗೆಯುವ ಶಸ್ತ್ರಚಿಕಿತ್ಸೆ ಇದೆ. ಆದರೆ ಅಯಸ್ಕಾಂತ ಕಬ್ಬಿಣ, ಉಕ್ಕನ್ನು ಹಿಡಿಯುತ್ತದೆಯೇ ಹೊರತು ತಾಮ್ರ, ಅಲ್ಯುಮಿನಿಯಂ ತಂತಿಯನ್ನು ಹಿಡಿಯದು. ಅಜೀರ್ಣ ಎಂದು ನಾಲ್ಕು ದಿನ ಮನೆಮದ್ದು ಮಾಡುತ್ತಾ ಕೂರಬೇಡಿ. ಹತ್ತಿರದ ಪಶು ಆಸ್ಪತ್ರೆಗೆ ತಿಳಿಸಿ ಅಥವಾ 1962ಕ್ಕೆ ಕರೆ ಮಾಡಿ.

ಆದ್ದರಿಂದ ಹಳೆಯ ಕೇಬಲ್ಲಿನ ವಿಷಯದಲ್ಲಿ ಈ ನಿಯಮಗಳನ್ನು ಪಾಲಿಸಿ.

ಕೇಬಲ್ ಬದಲಿಸುವ ಕೆಲಸವನ್ನು ಕೊಟ್ಟಿಗೆಯಲ್ಲಿ, ಹುಲ್ಲಿನ ಮೆದೆಯ ಬಳಿ ಮಾಡಬೇಡಿ. ಕೆಳಗೆ ಗೋಣಿಚೀಲ ಹಾಸಿಕೊಳ್ಳಿ.

ಕತ್ತರಿಸಿದ ಚೂರುಗಳನ್ನು, ಕಿತ್ತ ಎಳೆಗಳನ್ನು ಲೆಕ್ಕ ಹಾಕಿ ಮುಚ್ಚಳ ಇರುವ ಡಬ್ಬಿಗೆ ಹಾಕಿ. ಕೆಲಸ ಮುಗಿದ ಮೇಲೆ ಹಳೆಯ ಸ್ಪೀಕರಿನ ಅಯಸ್ಕಾಂತವನ್ನು ನೆಲದ ಮೇಲೆ ಒಮ್ಮೆ ಆಡಿಸಿ.

ಹಳೆಯ ಕೇಬಲ್ಲನ್ನು ಸುರುಳಿ ಸುತ್ತಿ ಗುಜರಿಯವರಿಗೆ ಕೊಡಿ. ತಿಪ್ಪೆಗೆ ಎಸೆಯಬೇಡಿ. ತಿಪ್ಪೆಯ ಗೊಬ್ಬರ ಹೊಲಕ್ಕೆ ಹೋಗುತ್ತದೆ, ಹೊಲದ ಮೇವು ಮತ್ತೆ ಹಸುವಿಗೇ ಬರುತ್ತದೆ.

ಮೇವಿನ ಹೊರೆಗೆ, ಗೊಂತಿಗೆ, ಕೊಟ್ಟಿಗೆಯ ಗೇಟಿಗೆ ತಂತಿ ಬೇಡ. ತೆಂಗಿನ ನಾರಿನ ಹಗ್ಗ ಇರುವ ಸೀಮೆ ನಮ್ಮದು, ಅದನ್ನೇ ಬಳಸಿ.

ಮೆಕ್ಯಾನಿಕ್ ಅಂಗಡಿಯ ಪಕ್ಕದ ಬಯಲಿನಲ್ಲಿ ದನ ಮೇಯಲು ಬಿಡಬೇಡಿ.

ನೆನಪಿಡಬೇಕಾದದ್ದು

ಬಿಟ್ಟ ಕೂಡಲೇ ಟಪ್ಪೆಂದು ವಾಪಸ್ ಬಾರದ ಎಕ್ಸಲೇಟರ್ ಇರುವ ಗಾಡಿಗೆ ಹಾಲು ಕಟ್ಟಬೇಡಿ.

ಕೊಬ್ಬರಿ ಎಣ್ಣೆ ತಲೆಗೆ, ತೆಳು ಮೆಷಿನ್ ಎಣ್ಣೆ ಕೇಬಲ್ಲಿಗೆ.

ಒಂದು ಎಳೆ ಕಿತ್ತರೂ ಕೇಬಲ್ ಬದಲಿಸಿ.

ಹ್ಯಾಂಡಲ್ಲಿಗೆ ಕ್ಯಾನ್ ತೂಗುಹಾಕಬೇಡಿ. ಡೇರಿ ಎಷ್ಟು ಹತ್ತಿರ ಇದ್ದರೂ ಹೆಲ್ಮೆಟ್ ಹಾಕಿ.

ಹಳೆಯ ತಂತಿ ಗುಜರಿಗೆ ಹೋಗಲಿ, ಕೊಟ್ಟಿಗೆಗೆ ಬೇಡ.

ನಿಮ್ಮ ಸಂಘದ ಮುಂದಿನ ಸಭೆಯ ದಿನ ಹಾಲು ಹಾಕಲು ಬಂದ ಗಾಡಿಗಳನ್ನು ಸಾಲಾಗಿ ನಿಲ್ಲಿಸಿ, ಪ್ರತಿಯೊಂದರ ಎಕ್ಸಲೇಟರ್ ತಿರುಗಿಸಿ ಬಿಟ್ಟು ನೋಡಿ. ಒಂದು ಗಾಡಿಗೆ ಅರ್ಧ ನಿಮಿಷ ಸಾಕು. ಊರಿನ ಮೆಕ್ಯಾನಿಕ್ ಒಬ್ಬರನ್ನು ಅಂದು ಕರೆಸಿಕೊಂಡರೆ ಸಿಕ್ಕ ದೋಷವನ್ನು ಅಲ್ಲೇ ಸರಿಪಡಿಸಿಕೊಳ್ಳಬಹುದು.